ಚುಕ್ಕೆ ಉದುರಿತು, ಜೀವಿ ಎಲ್ಲಿಗೆ ಹೋಯಿತು?

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ, ರೇಷ್ಮೆ ಹುಳು ಸಾಕುವ ಮನೆ. ಮಗಳ ಆಸೆಗೆಂದು ಎರಡು ವರ್ಷಗಳಿಂದ 200 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದೇವೆ. ಅದರಲ್ಲಿ ಎರಡು ಕ್ಲೌನ್ ಮೀನು, ಒಂದು ಡ್ಯಾಮ್ಸೆಲ್, ಎರಡು ಸೀಗಡಿ ಮತ್ತು ಕಡಲ ಕಲ್ಲುಗಳಿದ್ದವು. ಮೂರು ವಾರಗಳ ಹಿಂದೆ ಬೆಂಗಳೂರಿನಿಂದ ನೀಲಿ ಟ್ಯಾಂಗ್ ಎಂಬ ಮೀನೊಂದನ್ನು ತಂದು ಚೀಲದ ನೀರಿನ ಸಮೇತ ಬಿಟ್ಟೆವು. ಐದನೇ ದಿನ ಅದರ ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ಕಾಣಿಸಿದವು. ಅಂಗಡಿಯವರು ಹೇಳಿದಂತೆ ನೀರನ್ನು 32 ಡಿಗ್ರಿಗೆ ಬಿಸಿ ಮಾಡಿ, ಉಪ್ಪು ಹೆಚ್ಚಿಸಿ, ನೀಲಿ ಬಣ್ಣದ ಔಷಧ ಹಾಕಿದೆವು. ನಾಲ್ಕು ದಿನಗಳಲ್ಲಿ ಚುಕ್ಕೆಗಳು ಹೋದವು. ಒಂದು ವಾರ ಕಳೆಯುವಷ್ಟರಲ್ಲಿ ನೂರಾರು ಚುಕ್ಕೆಗಳು ಮರಳಿ ಬಂದವು. ಒಂದು ಕ್ಲೌನ್ ಸತ್ತಿತು. ಇನ್ನೊಂದು ನೀರಿನ ಮೇಲ್ಭಾಗದಲ್ಲಿ ನಿಂತು ಏದುಸಿರು ಬಿಡುತ್ತಿದೆ, ಮೈಯಿಂದ ಲೋಳೆ ಸುಲಿದು ಬರುತ್ತಿದೆ. ತಾಮ್ರದ ಔಷಧವನ್ನು ತೊಟ್ಟಿಗೇ ಹಾಕಬಹುದೇ? ನಮ್ಮ ಬೋರ್‌ವೆಲ್ ನೀರಿನಿಂದ ಈ ಹುಳು ಬಂದಿರಬಹುದೇ? ಮತ್ತೆ ಹೊಸ ಮೀನು ತರುವುದು ಯಾವಾಗ?

ಉತ್ತರ:

ಕಾರಣಗಳನ್ನು ಆಮೇಲೆ ಹೇಳುತ್ತೇನೆ, ಓದುತ್ತಿದ್ದಂತೆಯೇ ಮಾಡಬೇಕಾದ ಕೆಲಸ ಮೊದಲು. ತೊಟ್ಟಿಗೆ ತಾಮ್ರ ಹಾಕಬೇಡಿ. ನೀಲಿ ಔಷಧವನ್ನು ನಿಲ್ಲಿಸಿ. ಹೀಟರನ್ನು 26 ಡಿಗ್ರಿಗೆ ತನ್ನಿ, ಆದರೆ ಒಂದೇ ಏಟಿಗೆ ಬೇಡ, ಒಂದು ಇಡೀ ಹಗಲು ತೆಗೆದುಕೊಳ್ಳಿ. ಮನೆಯಲ್ಲಿ ಇನ್ನೊಂದು ಏರ್ ಪಂಪ್ ಇದ್ದರೆ ಅದನ್ನೂ ಹಚ್ಚಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ನಿಮ್ಮ ಕ್ಲೌನ್ ಮೀನಿನ ಕಿವಿರುಗಳು ಈಗಾಗಲೇ ಗಾಯಗೊಂಡಿವೆ. ಅದಕ್ಕೆ ಈ ಗಳಿಗೆಯಲ್ಲಿ ಯಾವ ಔಷಧಕ್ಕಿಂತಲೂ ಗಾಳಿ ಮುಖ್ಯ. ಇವಿಷ್ಟನ್ನು ಮಾಡಿ, ಪೇಟೆಯಿಂದ ಎರಡು ಮೂರು ಹೊಸ ಪ್ಲಾಸ್ಟಿಕ್ ಟಬ್ಬುಗಳನ್ನು ತರಿಸಿಕೊಳ್ಳಿ, ಒಂದಾದರೂ 80 ಲೀಟರ್ ಹಿಡಿಯುವಂತಿರಲಿ. ಉಳಿದಿರುವ ಮೂರೂ ಮೀನುಗಳು ಆ ಗಾಜಿನ ತೊಟ್ಟಿಯಿಂದ ಹೊರಗೆ ಬರಲೇಬೇಕು. ಏಕೆ ಎಂಬುದೇ ಈ ಉತ್ತರದ ತಿರುಳು.

ನಿಮ್ಮದು ಹುಳು ಸಾಕುವ ಮನೆಯಾದ್ದರಿಂದ ವಿವರಿಸುವ ನನ್ನ ಕೆಲಸ ಅರ್ಧ ಹಗುರವಾಗಿದೆ. ರೇಷ್ಮೆ ಹುಳು ಸೊಪ್ಪು ತಿನ್ನುತ್ತದೆ, ಹಣ್ಣಾಗುತ್ತದೆ, ಸೊಪ್ಪು ಬಿಟ್ಟು ಚಂದ್ರಿಕೆ, ಅಂದರೆ ಗೂಡು ಕಟ್ಟಲು ಇಡುವ ತಟ್ಟೆ, ಏರುತ್ತದೆ, ಗೂಡು ಕಟ್ಟುತ್ತದೆ. ಟ್ಯಾಂಗ್ ಮೈಮೇಲೆ ನೀವು ಕಂಡ ಬಿಳಿ ಚುಕ್ಕೆಯ ಬದುಕೂ ಹೆಚ್ಚುಕಡಿಮೆ ಹೀಗೆಯೇ ಇದೆ. ಅದರ ಹೆಸರು ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್. ಮೈತುಂಬ ರೋಮಗಳಿರುವ ಒಂದೇ ಜೀವಕೋಶದ ಪ್ರಾಣಿ ಅದು. ಅದಕ್ಕೆ ಸೊಪ್ಪು ಎಂದರೆ ಮೀನಿನ ಚರ್ಮ ಮತ್ತು ಕಿವಿರು. ಚರ್ಮದ ಮೇಲ್ಪದರದ ಅಡಿಗೆ ಕೊರೆದು ಹೋಗಿ ಮೂರರಿಂದ ಏಳು ದಿನ ಅಲ್ಲಿಯೇ ತಿಂದು ಬೆಳೆಯುತ್ತದೆ. ಹಣ್ಣಾದ ಮೇಲೆ, ಹೆಚ್ಚಾಗಿ ಕತ್ತಲೆಯ ಹೊತ್ತಿನಲ್ಲಿ, ಮೀನನ್ನು ಬಿಟ್ಟು ಉದುರುತ್ತದೆ. ಕೆಲವು ಗಂಟೆ ಮರಳು, ಕಲ್ಲು, ಗಾಜಿನ ಮೇಲೆ ಹರಿದಾಡಿ ಗಟ್ಟಿ ಸಿಪ್ಪೆಯ ಗೂಡು ಕಟ್ಟಿಕೊಳ್ಳುತ್ತದೆ. ರೇಷ್ಮೆ ಗೂಡಿನಿಂದ ಒಂದು ಪತಂಗ ಹೊರಗೆ ಬಂದರೆ, ಈ ಗೂಡಿನೊಳಗೆ ಜೀವಕೋಶ ಒಡೆದು ಒಡೆದು ಇನ್ನೂರರವರೆಗೂ ಮರಿಗಳಾಗುತ್ತವೆ. ಕೆಲವು ಗೂಡುಗಳು ಮೂರನೇ ದಿನಕ್ಕೇ ಒಡೆಯುತ್ತವೆ, ಹಲವು ಒಂದೆರಡು ವಾರದೊಳಗೆ ಒಡೆಯುತ್ತವೆ. 72 ದಿನ ಸುಮ್ಮನಿದ್ದು ಆಮೇಲೆ ಒಡೆದ ಗೂಡುಗಳೂ ದಾಖಲಾಗಿವೆ. ಹೊರಬಂದ ಮರಿ ಒಂದೆರಡು ದಿನದೊಳಗೆ ಮೀನನ್ನು ಹಿಡಿಯಬೇಕು, ಇಲ್ಲವಾದರೆ ಸಾಯುತ್ತದೆ. ವಿಶಾಲ ಕಡಲಿನಲ್ಲಿ ಬಹುಪಾಲು ಮರಿಗಳು ಹಾಗೆಯೇ ಸಾಯುತ್ತವೆ. 200 ಲೀಟರಿನ ಗಾಜಿನ ಪೆಟ್ಟಿಗೆಯಲ್ಲಿ ಅವಕ್ಕೆ ಮೀನು ಸಿಗದೆ ಹೋಗುವುದೇ ಕಷ್ಟ.

ಆದ್ದರಿಂದ ಆ ನಾಲ್ಕು ದಿನಗಳಲ್ಲಿ ನೀವು ಕಂಡದ್ದು ರೋಗ ಹೋದದ್ದಲ್ಲ, ಹಣ್ಣಾದ ಹುಳು ಚಂದ್ರಿಕೆ ಏರಿದ್ದು. ಟ್ಯಾಂಗ್ ಮೈಮೇಲೆ ಹತ್ತು ಚುಕ್ಕೆ ಇತ್ತೆಂದು ಇಟ್ಟುಕೊಳ್ಳಿ. ಹತ್ತು ಗೂಡಿಗೆ ಎರಡು ಸಾವಿರ ಮರಿಗಳಾಗಬಹುದು. ಎರಡನೇ ಸಲ ನೂರಾರು ಚುಕ್ಕೆಗಳು ಬಂದದ್ದು ಹೀಗೆ. ಮೊದಲ ಸಲ ಕಿವಿರಿನೊಳಗೆ ಎಷ್ಟಿದ್ದವೋ ನಮಗೆ ಕಾಣುವುದೂ ಇಲ್ಲ. ಚರ್ಮದ ಮೇಲೆ ಏನೂ ಕಾಣದೆ ಕಿವಿರಿನಲ್ಲಿ ಮಾತ್ರ ಇದು ಉಳಿದುಕೊಂಡು ತಿಂಗಳುಗಟ್ಟಲೆ ತೊಟ್ಟಿಯಲ್ಲಿ ಸುತ್ತುತ್ತಿರುವುದುಂಟು.

ಅಂಗಡಿಯವರ ಸಲಹೆ ಸುಳ್ಳಲ್ಲ, ಅದು ಬೇರೆ ರೋಗದ್ದು. ಗಪ್ಪಿ, ಗೋಲ್ಡ್ ಫಿಶ್‌ಗಳಿಗೆ ಬರುವ ಸಿಹಿನೀರಿನ ಬಿಳಿ ಚುಕ್ಕೆಗೆ ಬಿಸಿ ಮತ್ತು ಉಪ್ಪು ಎರಡೂ ಒಳ್ಳೆಯ ಮದ್ದು. ಆ ಜೀವಿಯ ಹೆಸರು ಇಕ್ತಿಯೊಫ್ತಿರಿಯಸ್. ನೋಡುವುದಕ್ಕೆ ಇವೆರಡೂ ಅಣ್ಣ ತಮ್ಮಂದಿರಂತೆ ಕಂಡರೂ ಹತ್ತಿರದ ಸಂಬಂಧಿಗಳಲ್ಲ. ಕಡಲಿನಲ್ಲಿ ಹುಟ್ಟಿ ಬೆಳೆದ ಪರಾವಲಂಬಿಗೆ ಇನ್ನೊಂದಿಷ್ಟು ಉಪ್ಪು ಹಾಕಿದರೆ ಅದಕ್ಕೇನೂ ಆಗುವುದಿಲ್ಲ. ಬಿಸಿ ಹೆಚ್ಚಿಸಿದರೆ ಅದರ ಚಕ್ರ ಬೇಗ ತಿರುಗುತ್ತದೆ. ಅಂದರೆ ಚುಕ್ಕೆಗಳು ಬೇಗ ಉದುರಿದ್ದಕ್ಕೂ ಬೇಗ ಮರಳಿದ್ದಕ್ಕೂ ಆ 32 ಡಿಗ್ರಿಯ ಪಾಲಿದೆ. ಇನ್ನು ನೀಲಿ ಔಷಧ ಮೆಥಿಲೀನ್ ಬ್ಲೂ ಆಗಿದ್ದರೆ ಅದು ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಪೆಟ್ಟು ಕೊಟ್ಟಿರುತ್ತದೆ. ಇಂದೇ ಅಮೋನಿಯಾ ಪರೀಕ್ಷೆ ಮಾಡಿ, ನೀರಿನ ಬಣ್ಣ ಹೀರಲು ಫಿಲ್ಟರಿಗೆ ಆಕ್ಟಿವೇಟೆಡ್ ಕಾರ್ಬನ್ ಹಾಕಿ.

ಬೋರ್‌ವೆಲ್ ನೀರಿನ ಮೇಲಿನ ಅನುಮಾನವನ್ನು ಬಿಟ್ಟುಬಿಡಿ. ಈ ಜೀವಿ ಸಿಹಿನೀರಿನಲ್ಲಿ ಬದುಕುವುದಿಲ್ಲ, ಸಾವಿರ ಅಡಿ ಆಳದ ಕೊಳವೆ ಬಾವಿಯಲ್ಲಿ ಇರುವುದಕ್ಕೆ ಸಾಧ್ಯವೇ ಇಲ್ಲ. ಅದು ಬಂದದ್ದು ಟ್ಯಾಂಗ್ ಮೈಯಲ್ಲಿ ಅಥವಾ ಚೀಲದ ನೀರಿನಲ್ಲಿ. ಹಾಗೆಂದು ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಬೋರ್‌ವೆಲ್ ನೀರು ಉಪ್ಪುನೀರಿನ ತೊಟ್ಟಿಗೆ ಯೋಗ್ಯವೆಂದೂ ಅರ್ಥವಲ್ಲ. ಗಡಸು, ಫ್ಲೋರೈಡ್, ನೈಟ್ರೇಟ್ ಎಲ್ಲವೂ ಅದರಲ್ಲಿವೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಬಳಸಿದರೂ ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಒಂದು ಟಿಡಿಎಸ್ ಮೀಟರ್ ಇಟ್ಟುಕೊಳ್ಳಿ. ಅಂಥ ನೀರಿನಲ್ಲೂ ಹಲವು ಕಡೆ 50ರಿಂದ 100 ತೋರಿಸುತ್ತದೆ. ಸೊನ್ನೆಯ ಹತ್ತಿರ ತರಲು ಡಿಅಯಾನೈಸಿಂಗ್ ರಾಳದ ಒಂದು ಕೊಳವೆ ಸೇರಿಸಿದರೆ ಸಾಕು.

ಈಗ ಗುರುತಿಸುವ ವಿಷಯ. ನನ್ನ ಮನಸ್ಸಿನಲ್ಲಿರುವ ಆತಂಕ ನಿಮ್ಮ ಟ್ಯಾಂಗ್‌ಗಿಂತ ಕ್ಲೌನ್ ಬಗ್ಗೆ. ಹುಳು ಮನೆಯಲ್ಲಿ ಹಾಲುತೊಂಡೆ ಬಂದರೂ ಹುಳು ಸಾಯುತ್ತದೆ, ಸಪ್ಪೆ ರೋಗಕ್ಕೂ ಸಾಯುತ್ತದೆ, ಸುಣ್ಣಕಟ್ಟಿಗೂ ಸಾಯುತ್ತದೆ. ಊಜಿ ನೊಣ ಮುಟ್ಟಿದ ಹುಳುವಿನ ಮೇಲಿನ ಕಪ್ಪು ಕಲೆಯನ್ನು ನೀವು ಇವು ಯಾವುದರ ಜೊತೆಗೂ ಬೆರೆಸುವುದಿಲ್ಲ. ಉಪ್ಪುನೀರಿನ ಮೀನುಗಳಲ್ಲೂ ಹಾಗೆಯೇ ನಾಲ್ಕೈದು ಪರಾವಲಂಬಿಗಳಿವೆ, ಒಂದಕ್ಕೆ ಹೊಂದುವ ಔಷಧ ಇನ್ನೊಂದಕ್ಕೆ ನಾಟುವುದಿಲ್ಲ.

ಬಿಳಿ ಚುಕ್ಕೆ ರೋಗದಲ್ಲಿ ಚುಕ್ಕೆಗಳನ್ನು ಎಣಿಸಬಹುದು. ಉಪ್ಪಿನ ಹರಳಿನ ಗಾತ್ರ, ಸ್ವಲ್ಪ ಉಬ್ಬು, ರೆಕ್ಕೆಗಳ ಮೇಲೆ ಸ್ಪಷ್ಟ. ಬಂದು ಹೋಗಿ ಮತ್ತೆ ಬರುವುದು ಅದರ ಗುರುತು. ನಿಮ್ಮ ಟ್ಯಾಂಗ್‌ದು ಇದೇ ಎಂದು ನನಗೆ ಬಹುಮಟ್ಟಿಗೆ ನಂಬಿಕೆ.

ವೆಲ್ವೆಟ್ ಎಂಬುದು ಇದಕ್ಕಿಂತ ಕ್ರೂರ. ಅದನ್ನು ಉಂಟುಮಾಡುವ ಅಮೈಲೊಊಡಿನಿಯಮ್ ಒಸೆಲ್ಲೇಟಮ್, ಡೈನೊಫ್ಲಾಜೆಲೇಟ್ ಎಂಬ ಬೇರೊಂದು ಏಕಕೋಶ ಗುಂಪಿನ ಜೀವಿ. ಚುಕ್ಕೆಗಳನ್ನು ಎಣಿಸಲಾಗುವುದಿಲ್ಲ, ಮೈಮೇಲೆ ಅರಿಸಿನ ಬೆರೆತ ನುಣುಪಾದ ಹಿಟ್ಟು ಉದುರಿಸಿದಂತಿರುತ್ತದೆ. ಹಲವು ಸಲ ಅದೂ ಕಾಣುವುದಿಲ್ಲ, ಏಕೆಂದರೆ ಅದು ಮೊದಲು ಹಿಡಿಯುವುದು ಕಿವಿರನ್ನು. ಮೀನು ಬೆಳಕಿನಿಂದ ಮುಖ ತಿರುಗಿಸುತ್ತದೆ, ಪಂಪ್ ಚಿಮ್ಮಿಸುವ ನೀರಿಗೆ ಎದುರಾಗಿ ನಿಲ್ಲುತ್ತದೆ, ಊಟ ಬಿಡುತ್ತದೆ, ಮಾರನೆಯ ದಿನ ಇರುವುದಿಲ್ಲ. ಕೋಣೆಯ ದೀಪ ಆರಿಸಿ ಟಾರ್ಚಿನ ಬೆಳಕನ್ನು ಮೀನಿನ ಬೆನ್ನಿನ ಕಡೆಯಿಂದ ಓರೆಯಾಗಿ ಬಿಡಿ. ಆ ಹಿಟ್ಟು ಇದ್ದರೆ ಚಿನ್ನದ ಬಣ್ಣಕ್ಕೆ ಮಿನುಗುತ್ತದೆ.

ಇದನ್ನು ನಾನು ಕಲಿತದ್ದು ಬಲು ಕಷ್ಟದಿಂದ. ತುಮಕೂರಿನಲ್ಲಿ ನನ್ನ ಮೊದಲ ಉಪ್ಪುನೀರಿನ ತೊಟ್ಟಿ ಇಟ್ಟ ವರ್ಷ, ಏಪ್ರಿಲ್ ಬೇಸಿಗೆಯಲ್ಲಿ, ಏಳು ಮೀನುಗಳು ಒಟ್ಟಿಗೆ ಉಸಿರುಗಟ್ಟತೊಡಗಿದವು. ಮೈಮೇಲೆ ಮಸುಕಾದ ಚುಕ್ಕೆಗಳನ್ನು ಕಂಡು ಬಿಳಿ ಚುಕ್ಕೆ ರೋಗವೆಂದೇ ತೀರ್ಮಾನಿಸಿ ನೀರಿನ ಉಪ್ಪಿನ ಅಂಶ ಇಳಿಸಿದೆ. ಬಿಳಿ ಚುಕ್ಕೆಗೆ ಅದು ಒಳ್ಳೆಯ ಚಿಕಿತ್ಸೆ. ವೆಲ್ವೆಟ್ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಎರಡು ರಾತ್ರಿಗಳಲ್ಲಿ ಏಳೂ ಹೋದವು. ಕೊನೆಯ ಮೀನಿನ ಕಿವಿರಿನ ಚೂರನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ಕಂದು ಬಣ್ಣದ ಚೀಲಗಳು ಒತ್ತೊತ್ತಾಗಿ ಅಂಟಿಕೊಂಡಿದ್ದವು. ಆ ನೋಟ ಇವತ್ತಿಗೂ ನನ್ನ ಕಣ್ಣಿನಿಂದ ಹೋಗಿಲ್ಲ. ನೋಡದೆ ಔಷಧ ಹಾಕಬಾರದೆಂಬ ನನ್ನ ಹಟ ಅಲ್ಲಿಂದ ಬಂದದ್ದು.

ಮೂರನೆಯದು ಬ್ರೂಕ್ಲಿನೆಲ್ಲಾ ಹಾಸ್ಟಿಲಿಸ್. ಕ್ಲೌನ್ ಮೀನುಗಳನ್ನು ಎಷ್ಟು ಹಿಡಿಯುತ್ತದೆಂದರೆ ಸಾಕುವವರು ಇದನ್ನು ಕ್ಲೌನ್ ರೋಗವೆಂದೇ ಕರೆಯುತ್ತಾರೆ. ಚುಕ್ಕೆಗಳಿಗಿಂತ ಹೆಚ್ಚಾಗಿ ಕಾಣುವುದು ಲೋಳೆ. ಮೈ ಬಿಳುಚಿ, ತೇಪೆ ತೇಪೆಯಾಗಿ ಪದರ ಸುಲಿದು, ಎಳೆ ಎಳೆಯಾಗಿ ಜೋತಾಡುತ್ತದೆ. ಇದಕ್ಕೆ ನೀರಿನ ತಳದಲ್ಲಿ ಗೂಡು ಕಟ್ಟುವ ಹಂತವಿಲ್ಲ. ಮೀನಿನ ಮೇಲೆಯೇ ಎರಡಾಗಿ ಸೀಳಿಕೊಂಡು ಹೆಚ್ಚುತ್ತದೆ, ಹಾಗಾಗಿ ಎರಡು ಮೂರು ದಿನಗಳಲ್ಲೇ ಮೀನನ್ನು ಮುಗಿಸುತ್ತದೆ. ನಿಮ್ಮ ವಿವರಣೆಯಲ್ಲಿ 'ಲೋಳೆ ಸುಲಿದು ಬರುತ್ತಿದೆ' ಎಂಬ ಮಾತನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಇದೇ. ಬಿಳಿ ಚುಕ್ಕೆ ಅತಿಯಾದರೂ ಲೋಳೆ ಹೆಚ್ಚುತ್ತದೆ ನಿಜ. ಆದರೆ ಚೀಲದ ನೀರನ್ನೂ ಸುರಿದಿದ್ದೀರಿ. ಅಂಗಡಿಯ ತೊಟ್ಟಿಗಳಿಗೆ ಸಾಮಾನ್ಯವಾಗಿ ಒಂದೇ ನೀರು ಸುತ್ತುತ್ತಿರುವುದರಿಂದ ಟ್ಯಾಂಗ್‌ನ ಜೊತೆ ಅಲ್ಲಿನ ಕ್ಲೌನ್‌ಗಳ ರೋಗವೂ ಬಂದಿರಬಹುದು. ಎರಡೂ ಒಟ್ಟಿಗೆ ಇರುವ ಸಾಧ್ಯತೆಯನ್ನು ಇಟ್ಟುಕೊಂಡೇ ನಾವು ಮುಂದುವರಿಯಬೇಕು.

ಇನ್ನುಳಿದವು ನಿಮ್ಮ ತೊಟ್ಟಿಯಲ್ಲಿ ಇರಲಾರವು, ಆದರೂ ಗುರುತು ತಿಳಿದಿರಲಿ. ಕ್ರೋಮಿಸ್ ಮೀನಿನ ಪಕ್ಕೆಯಲ್ಲಿ ಕೆಂಪು ಹುಣ್ಣು ಎದ್ದರೆ ಯುರೊನಿಮಾ ಎಂಬ ಇನ್ನೊಂದು ಏಕಕೋಶ ಜೀವಿ. ಅದು ಮಾಂಸದೊಳಗೆ ಇಳಿಯುವುದರಿಂದ ಉಳಿಸುವುದು ಕಷ್ಟ. ಹಳದಿ ಟ್ಯಾಂಗ್ ಮೇಲೆ ಕರಿ ಎಳ್ಳಿನಂಥ ಚುಕ್ಕೆ ಬಂದರೆ ಅದು ಒಂದು ಬಗೆಯ ಚಪ್ಪಟೆ ಹುಳು. ಮೀನು ಕಣ್ಣು ಮಂಜಾಗಿ, ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತ, ತಲೆ ಕೊಡವುತ್ತಿದ್ದರೆ ನಿಯೊಬೆನಿಡೇನಿಯಾದಂಥ ಚಪ್ಪಟೆ ಹುಳುಗಳಿರಬಹುದು. ಅವು ಮೀನಿನ ಮೇಲೆ ಪಾರದರ್ಶಕವಾಗಿರುತ್ತವೆ. ಐದು ನಿಮಿಷ ಸಿಹಿನೀರಿನಲ್ಲಿಟ್ಟರೆ ಬೆಳ್ಳಗಾಗಿ ಅಕ್ಕಿನುಚ್ಚಿನಂತೆ ತಳಕ್ಕೆ ಬೀಳುತ್ತವೆ. ಇವಕ್ಕೆ ಪ್ರಾಜಿಕ್ವಾಂಟೆಲ್ ಮದ್ದು, ಲೀಟರಿಗೆ 2ರಿಂದ 2.5 ಮಿಲಿಗ್ರಾಂ. ಮೊಟ್ಟೆಗಳಿಗೆ ಅದು ತಾಗುವುದಿಲ್ಲವಾದ್ದರಿಂದ ವಾರ ಬಿಟ್ಟು ಇನ್ನೊಮ್ಮೆ ಹಾಕಬೇಕು. ರೆಕ್ಕೆಯ ತುದಿಯಲ್ಲಿ ಹೂಕೋಸಿನಂಥ ಬಿಳಿ ಗಂಟು ಬಂದರೆ ಅದು ಪರಾವಲಂಬಿಯೇ ಅಲ್ಲ, ಲಿಂಫೊಸಿಸ್ಟಿಸ್ ಎಂಬ ವೈರಾಣು. ಅದಕ್ಕೆ ಔಷಧವಿಲ್ಲ, ಚೆನ್ನಾಗಿ ನೋಡಿಕೊಂಡರೆ ತಾನಾಗಿ ಹೋಗುತ್ತದೆ.

ನಿಮ್ಮ ಊರಿಗೆ ಒಂದು ಅನುಕೂಲವಿದೆ, ಅದು ತುಮಕೂರಿನ ನನಗೂ ಇಲ್ಲ. ಪೆಬ್ರಿನ್ ಎಂಬ ಹುಳು ರೋಗ ಇದೆಯೇ ಎಂದು ತಾಯಿ ಚಿಟ್ಟೆಗಳನ್ನು ಪರೀಕ್ಷಿಸಲು, ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡಿರುತ್ತಾರೆ. ಲೂಯಿ ಪಾಶ್ಚರ್ ಫ್ರಾನ್ಸಿನ ರೇಷ್ಮೆ ಬೆಳೆಗಾರರಿಗೆ ಕಲಿಸಿಕೊಟ್ಟ ವಿಧಾನವೇ ಅದು. ಪರಿಚಯದವರು ಯಾರಾದರೂ ಇದ್ದರೆ ಹತ್ತು ನಿಮಿಷ ಕೇಳಿ ಪಡೆಯಿರಿ. ಪಶು ಆಸ್ಪತ್ರೆಯಲ್ಲಿ ಕೇಳಿದರೂ ಆದೀತು. ಕ್ಲೌನ್ ಮೀನನ್ನು ಒದ್ದೆ ಕೈಯಲ್ಲಿ ಹಿಡಿದು, ಗಾಜಿನ ಸ್ಲೈಡಿನ ಅಂಚಿನಿಂದ ಪಕ್ಕೆಯ ಲೋಳೆಯನ್ನು ತಲೆಯಿಂದ ಬಾಲದ ಕಡೆಗೆ ಮೃದುವಾಗಿ ಒಮ್ಮೆ ಕೆರೆಯಿರಿ. ಮೀನನ್ನು ಪ್ರಯಾಣ ಮಾಡಿಸಬೇಡಿ. ಲೋಳೆಯನ್ನು ತೊಟ್ಟಿಯ ಉಪ್ಪುನೀರಿನ ಹನಿಯಲ್ಲಿಯೇ ಇಟ್ಟು ಮುಚ್ಚುಗಾಜು ಹಾಕಿ, ಹದಿನೈದು ನಿಮಿಷದೊಳಗೆ ನೋಡಬೇಕು. ಸಿಹಿನೀರು ಹಾಕಿದರೆ ಜೀವಿಗಳು ಒಡೆದುಹೋಗುತ್ತವೆ. ನೂರು ಪಟ್ಟು ಹಿಗ್ಗಿಸಿದರೆ ಸಾಕು. ದೊಡ್ಡದಾದ ದುಂಡನೆಯ ಕಪ್ಪು ಮುದ್ದೆಯೊಂದು ನಿಧಾನವಾಗಿ ಗಿರಗಿರನೆ ಸುತ್ತುತ್ತಿದ್ದರೆ ಬಿಳಿ ಚುಕ್ಕೆಯ ಜೀವಿ. ಅಲುಗಾಡದೆ ಅಂಟಿಕೊಂಡಿರುವ ಕಂದು ಚೀಲ ವೆಲ್ವೆಟ್. ಮೂತ್ರಪಿಂಡದ ಆಕಾರದ ಚಿಕ್ಕ ಜೀವಿಗಳು ಲೋಳೆಯ ನಡುವೆ ಸರಸರನೆ ಜಾರುತ್ತಿದ್ದರೆ ಬ್ರೂಕ್ಲಿನೆಲ್ಲಾ. ಒಮ್ಮೆ ನೋಡಿದವರಿಗೆ ಈ ಮೂರರಲ್ಲಿ ಗೊಂದಲವೇ ಆಗುವುದಿಲ್ಲ.

ನೋಡಲು ಆಗಲಿಲ್ಲವೆಂದರೆ ಕಾಯುವಷ್ಟು ಸಮಯ ನಿಮಗಿಲ್ಲ. ಆಗ ನಾನು ಮಾಡುವುದು ಇದು: ಟ್ಯಾಂಗ್ ಮತ್ತು ಡ್ಯಾಮ್ಸೆಲ್ ತಾಮ್ರದ ಔಷಧ ಹಾಕಿದ ಟಬ್ಬಿಗೆ, ಕ್ಲೌನ್ ಮೊದಲು ಫಾರ್ಮಲಿನ್ ಸ್ನಾನಕ್ಕೆ. ತಾಮ್ರ ಬಿಳಿ ಚುಕ್ಕೆ, ವೆಲ್ವೆಟ್ ಎರಡನ್ನೂ ಹಿಡಿಯುತ್ತದೆ. ಬ್ರೂಕ್ಲಿನೆಲ್ಲಾಗೆ ಮಾತ್ರ ಅದನ್ನು ನೆಚ್ಚಿಕೊಳ್ಳಲಾಗುವುದಿಲ್ಲ.

ಕ್ಲೌನ್‌ನಿಂದ ಆರಂಭಿಸುತ್ತೇನೆ, ಅದಕ್ಕೆ ಗಂಟೆಗಳ ಲೆಕ್ಕವಿದೆ. ಹುಳು ಮನೆಯ ಸೋಂಕು ನಿವಾರಣೆಗೆ ತಂದ ಫಾರ್ಮಲಿನ್ ನಿಮ್ಮಲ್ಲಿ ಇರಬಹುದು. 37 ಪ್ರತಿಶತ ಫಾರ್ಮಾಲ್ಡಿಹೈಡ್ ಇರುವಂಥದ್ದು, ನೀರಿನಂತೆ ತಿಳಿಯಾಗಿದ್ದು, ಬೇರೆ ಏನೂ ಬೆರೆಸದ್ದಾದರೆ ಮಾತ್ರ ಬಳಸಿ. ಬಾಟಲಿಯ ತಳದಲ್ಲಿ ಬಿಳಿ ಗಸಿ ಕುಳಿತಿದ್ದರೆ ಅದು ಮೀನಿಗೆ ಘೋರ ವಿಷ, ಮುಟ್ಟಬೇಡಿ. ಹೊಸದಾಗಿ ಕಲಸಿದ 20 ಲೀಟರ್ ಉಪ್ಪುನೀರಿಗೆ 3 ಮಿಲಿಲೀಟರ್ ಫಾರ್ಮಲಿನ್ ಸೇರಿಸಿ, ಚೆನ್ನಾಗಿ ಬೆರೆಸಿ, ಏರ್ ಸ್ಟೋನ್ ಜೋರಾಗಿ ಬಿಟ್ಟು ಆಮೇಲೆ ಮೀನು ಬಿಡಿ. ಅಳತೆಗೆ ಸಿರಿಂಜನ್ನೇ ಬಳಸಿ, ಮುಚ್ಚಳದ ಅಂದಾಜು ಬೇಡ. ಅರ್ಧ ಗಂಟೆ, ತಡೆದುಕೊಂಡರೆ ಮುಕ್ಕಾಲು ಗಂಟೆ. ಪಕ್ಕದಲ್ಲೇ ಕುಳಿತಿರಬೇಕು, ಮೀನು ಅಡ್ಡ ಬಿದ್ದರೆ, ಎಗರಾಡಿದರೆ ತಕ್ಷಣ ಹೊರಗೆ ತೆಗೆದು ಶುದ್ಧ ಉಪ್ಪುನೀರಿನ ಇನ್ನೊಂದು ಟಬ್ಬಿಗೆ ಬಿಡಿ. ಒಂದು ದಿನ ಬಿಟ್ಟು ಒಂದು ದಿನ, ಒಟ್ಟು ಮೂರು ಸ್ನಾನ. ಪ್ರತಿ ಸಲವೂ ಸ್ನಾನದ ನಂತರ ಹೊಸ ನೀರಿನ ಟಬ್ಬಿಗೇ ಹೋಗಲಿ, ಹಳೆಯ ಟಬ್ಬನ್ನು ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಇದರಿಂದ ಇನ್ನೊಂದು ಲಾಭವೂ ಇದೆ: ಆ ನಡುವೆ ಉದುರಿದ ಬಿಳಿ ಚುಕ್ಕೆಯ ಗೂಡುಗಳೂ ಹಿಂದೆಯೇ ಉಳಿಯುತ್ತವೆ.

ಫಾರ್ಮಲಿನ್ ಆವಿ ಮನುಷ್ಯರಿಗೂ ಕೆಡುಕು, ಕ್ಯಾನ್ಸರ್ ತರಬಲ್ಲದು. ಕೆಲಸ ಅಂಗಳದಲ್ಲಿ ಆಗಲಿ, ಕೈಗವಸು ಹಾಕಿಕೊಳ್ಳಿ. ಮಗಳಿಗೆ ಎಷ್ಟೇ ಆಸೆಯಿದ್ದರೂ ಈ ಕೆಲಸದಿಂದ ಅವಳನ್ನು ದೂರವಿಡಿ. ಸರಿಯಾದ ಫಾರ್ಮಲಿನ್ ಸಿಗದಿದ್ದರೆ ಅದೇ ಬಿಸಿ, ಅದೇ ಪಿಎಚ್ ಇರುವ, ಗಾಳಿ ಆಡಿಸಿದ ಆರ್‌ಒ ಸಿಹಿನೀರಿನಲ್ಲಿ ಐದು ನಿಮಿಷ ಅದ್ದುವುದು ಎರಡನೇ ದಾರಿ. ಬ್ರೂಕ್ಲಿನೆಲ್ಲಾದ ಭಾರ ಅದರಿಂದ ಇಳಿಯುತ್ತದೆ, ಬೇರು ಹೋಗುವುದಿಲ್ಲ. ಬಿಳಿ ಚುಕ್ಕೆ ಚರ್ಮದ ಅಡಿಯಲ್ಲಿ ಅವಿತಿರುವುದರಿಂದ ಅದಕ್ಕೆ ಈ ಅದ್ದುವಿಕೆ ತಾಗುವುದೇ ಇಲ್ಲ.

ಇನ್ನು ತಾಮ್ರ. ನಿಮ್ಮ ಕಡೆಯ ದ್ರಾಕ್ಷಿ ತೋಟದವರಿಗೆ ಇದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಅದಕ್ಕೆ ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡುವುದನ್ನು ನೀವು ನೋಡಿಯೇ ಇರುತ್ತೀರಿ. ಸುಣ್ಣ ತಾಮ್ರವನ್ನು ಹಿಡಿದಿಟ್ಟುಕೊಳ್ಳುವುದರಿಂದಲೇ ಎಲೆ ಸುಡುವುದಿಲ್ಲ. ನಿಮ್ಮ ತೊಟ್ಟಿಯ ಹವಳದ ಮರಳು, ಕಡಲ ಕಲ್ಲು ಎರಡೂ ಸುಣ್ಣದ ಜಾತಿಯವು. ಅಲ್ಲಿಗೆ ತಾಮ್ರ ಹಾಕಿದರೆ ಕಲ್ಲು ಅದನ್ನು ಕುಡಿಯುತ್ತದೆ, ನೀರಿನಲ್ಲಿ ಮಟ್ಟ ನಿಲ್ಲುವುದಿಲ್ಲ, ರೋಗವೂ ಹೋಗುವುದಿಲ್ಲ. ಸೀಗಡಿಗಳಂತೂ ಸಾಯುತ್ತವೆ. ಮುಂದೆ ಯಾವಾಗಲೋ ಆ ಕಲ್ಲು ಕುಡಿದದ್ದನ್ನು ಮೆಲ್ಲಗೆ ಬಿಡತೊಡಗಿದರೆ ಆ ತೊಟ್ಟಿಯಲ್ಲಿ ಸೀಗಡಿ, ಬಸವನಹುಳು ಇಡುವ ಆಸೆಯನ್ನೇ ಬಿಡಬೇಕಾಗುತ್ತದೆ. ನಿಮ್ಮ ಮೊದಲ ಪ್ರಶ್ನೆಗೆ 'ಬೇಡ' ಎಂದು ಅಷ್ಟು ಗಡುಸಾಗಿ ಹೇಳಿದ್ದು ಇದಕ್ಕೆ.

80 ಲೀಟರಿನ ಟಬ್ಬಿನಲ್ಲಿ ಮರಳೂ ಇಲ್ಲ, ಕಲ್ಲೂ ಇಲ್ಲ. ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡುಗಳು, ಹೀಟರ್, ಏರ್ ಪಂಪ್, ಒಂದು ಸ್ಪಂಜ್ ಫಿಲ್ಟರ್, ಇಷ್ಟೇ. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಸುಮಾರು 2.8 ಕಿಲೋ ಅಕ್ವೇರಿಯಂ ಉಪ್ಪು ಹಿಡಿಯುತ್ತದೆ. ಸ್ಪಂಜನ್ನು ಹಳೆಯ ತೊಟ್ಟಿಯಿಂದಲೇ ತರಬಹುದು. ಅದರಲ್ಲಿ ಗೂಡುಗಳಿದ್ದರೂ ತಾಮ್ರದ ನೀರಿನಲ್ಲಿ ಮರಿಗಳು ಉಳಿಯುವುದಿಲ್ಲ. ನಾನು ಸಿದ್ಧವಾಗಿ ಸಿಗುವ ಅಕ್ವೇರಿಯಂ ತಾಮ್ರವನ್ನೇ ಶಿಫಾರಸು ಮಾಡುತ್ತೇನೆ. ಅದರ ಮಟ್ಟ ಎಷ್ಟಿರಬೇಕೆಂಬುದು ಆಯಾ ಬಾಟಲಿಯ ಮೇಲಿರುತ್ತದೆ, ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಾಕಬಾರದು. ಬರಿಯ ತಾಮ್ರದ ಸಲ್ಫೇಟ್ ಬಳಸುವುದಾದರೆ ಪ್ರಯೋಗಾಲಯದ ದರ್ಜೆಯದ್ದೇ ಆಗಬೇಕು, ತೋಟದ ಮೈಲುತುತ್ತ ಬೇಡ. ಅದರ 7.86 ಗ್ರಾಂ ಹರಳನ್ನು ಒಂದು ಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿದರೆ ಒಂದು ಮಿಲಿಲೀಟರಿನಲ್ಲಿ 2 ಮಿಲಿಗ್ರಾಂ ತಾಮ್ರ ಇರುತ್ತದೆ. ನಿಮ್ಮ 80 ಲೀಟರಿಗೆ ಇದರ 8 ಮಿಲಿಲೀಟರ್ ಹಾಕಿದರೆ ಲೀಟರಿಗೆ 0.20 ಮಿಲಿಗ್ರಾಂ ಆಗುತ್ತದೆ. ಅಷ್ಟನ್ನೂ ಒಮ್ಮೆಲೇ ಹಾಕದೆ, 2 ಮಿಲಿಲೀಟರಿನಂತೆ ಬೆಳಿಗ್ಗೆ ಸಂಜೆ ಎರಡು ದಿನ ಹಾಕಿ. 0.15ರ ಕೆಳಗೆ ಬಂದರೆ ರೋಗ ಸಾಯುವುದಿಲ್ಲ, 0.20 ದಾಟಿದರೆ ಮೀನಿನ ಕಿವಿರಿಗೇ ಅಪಾಯ. ಅಷ್ಟು ಕಿರಿದಾದ ದಾರಿ ಇದು. ಆದ್ದರಿಂದ ತಾಮ್ರದ ಟೆಸ್ಟ್ ಕಿಟ್ ಇಲ್ಲದೆ ಬಾಟಲಿಯ ಮುಚ್ಚಳವನ್ನೇ ತೆರೆಯಬೇಡಿ. ದಿನಕ್ಕೆ ಎರಡು ಸಲ ಅಳೆಯಿರಿ, ಈ ಟಬ್ಬಿನಲ್ಲಿ ಕಾರ್ಬನ್ ಇರಬಾರದು.

ಮಟ್ಟ ಮುಟ್ಟಿದ ದಿನದಿಂದ ಎಣಿಸಿ ನಾನು 30 ದಿನ ಇಡುತ್ತೇನೆ. ಚುಕ್ಕೆಗಳು ಮೊದಲ ವಾರದಲ್ಲೇ ಹೋಗುತ್ತವೆ, ಆಗ ನಿಲ್ಲಿಸಬೇಕೆನ್ನಿಸುತ್ತದೆ. ಚರ್ಮದಡಿಯ ಹುಳುವಿಗೂ ತಳದ ಗೂಡಿಗೂ ತಾಮ್ರ ತಾಗುವುದಿಲ್ಲ, ಅದು ಕೊಲ್ಲುವುದು ಈಜುವ ಮರಿಯನ್ನು ಮಾತ್ರ. ಎಲ್ಲ ಗೂಡುಗಳೂ ಒಡೆಯುವ ತನಕ ತಾಮ್ರ ಕಾವಲು ಕಾಯಬೇಕು. ಈ ಒಂದು ತಿಂಗಳಲ್ಲಿ ಮೀನನ್ನು ಕೊಲ್ಲುವುದು ಸಾಮಾನ್ಯವಾಗಿ ರೋಗಕ್ಕಿಂತ ಅಮೋನಿಯಾ. ಊಟ ಕಡಿಮೆ ಹಾಕಿ, ಉಳಿದದ್ದನ್ನು ತೆಗೆಯಿರಿ, ಅಮೋನಿಯಾ ಕಂಡರೆ ಅಷ್ಟೇ ತಾಮ್ರ ಬೆರೆಸಿದ ಹೊಸ ಉಪ್ಪುನೀರಿನಿಂದ ಮೂರನೇ ಒಂದು ಭಾಗ ಬದಲಿಸಿ. ಅಮೋನಿಯಾ ಕಟ್ಟಿಹಾಕುವ ದ್ರಾವಣಗಳನ್ನು ಮಾತ್ರ ತಾಮ್ರದ ಜೊತೆ ಹಾಕಬೇಡಿ, ಅವುಗಳಲ್ಲಿ ಹಲವು ತಾಮ್ರವನ್ನು ಇನ್ನಷ್ಟು ವಿಷವಾಗಿ ಬದಲಿಸುತ್ತವೆ. ಕರೆಂಟ್ ಹೋದಾಗ ಓಡುವಂತೆ ಬ್ಯಾಟರಿಯ ಏರ್ ಪಂಪ್ ಒಂದು ಇರಲಿ. ಟ್ಯಾಂಗ್ ಸೊಪ್ಪು ತಿನ್ನುವ ಮೀನು, ಕಡಲಕಳೆಯ ಒಣ ಹಾಳೆಯನ್ನು ದಿನವೂ ಸಿಕ್ಕಿಸಿಡಿ. ಉಣ್ಣುತ್ತಿರುವ ಮೀನಿನ ಬಗ್ಗೆ ನನಗೆ ಅರ್ಧ ಚಿಂತೆ ಕಡಿಮೆ.

ಉಪ್ಪುನೀರಿನ ಸಾಪೇಕ್ಷ ಸಾಂದ್ರತೆಯನ್ನು 1.009ಕ್ಕೆ ಇಳಿಸಿ ನಾಲ್ಕು ವಾರ ಇಡುವ ದಾರಿಯೂ, ಔಷಧವೇ ಇಲ್ಲದೆ ಮೂರು ಮೂರು ದಿನಕ್ಕೆ ಟಬ್ಬು ಬದಲಿಸಿ ಗೂಡುಗಳನ್ನು ಹಿಂದೆ ಬಿಡುತ್ತ ಹೋಗುವ ದಾರಿಯೂ ಇವೆ. ಬಿಳಿ ಚುಕ್ಕೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರೆ ನಾನು ಎರಡನೆಯದನ್ನೇ ಆರಿಸುತ್ತಿದ್ದೆ. ಮೀನಿಗೆ ಅದರಷ್ಟು ಹಗುರವಾದ ಚಿಕಿತ್ಸೆ ಇನ್ನೊಂದಿಲ್ಲ. ಆದರೆ ವೆಲ್ವೆಟ್ ಇರಬಹುದೆಂಬ ಸಂಶಯ ಒಂದಿಷ್ಟಿದ್ದರೂ ಎರಡೂ ಕೈಕೊಡುತ್ತವೆ. ಬೆಳ್ಳುಳ್ಳಿ, ಸ್ವಚ್ಛಕ ಸೀಗಡಿ, ತೊಟ್ಟಿಗೇ ಹಾಕಬಹುದಾದ ಗಿಡಮೂಲಿಕೆಯ ಬಾಟಲಿ ಇವುಗಳಿಂದ ರೋಗ ಪೂರ್ತಿ ಹೋದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಯುವಿ ದೀಪ ನೀರಿನಲ್ಲಿರುವ ಮರಿಗಳ ಸಂಖ್ಯೆ ಇಳಿಸುತ್ತದೆ, ಅಷ್ಟಕ್ಕೆ ಒಳ್ಳೆಯದು.

ಈಗ ಖಾಲಿಯಾದ ತೊಟ್ಟಿ. ಹುಳು ಬೆಳೆ ಕೆಟ್ಟ ಮೇಲೆ ಮನೆಯನ್ನು ತೊಳೆದು, ಬ್ಲೀಚಿಂಗ್ ಪುಡಿ ಹೊಡೆದು, ಒಣಗಿಸದೆ ನೀವು ಮುಂದಿನ ಮೊಟ್ಟೆ ತರುವುದಿಲ್ಲ. ಇಲ್ಲಿ ಕಲ್ಲು, ಸೀಗಡಿ ಉಳಿಯಬೇಕಾದ್ದರಿಂದ ಬ್ಲೀಚಿಂಗ್ ಪುಡಿಯ ಕೆಲಸವನ್ನು ಕಾಲವೇ ಮಾಡಬೇಕು. ಕೊನೆಯ ಮೀನು ಹೊರಬಂದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ 76 ದಿನ ಎಣಿಸಿ. ಅಷ್ಟು ದಿನವೂ ದೀಪ, ಪಂಪ್, ಹೀಟರ್ ಎಂದಿನಂತೆ ಓಡಲಿ, ಸೀಗಡಿಗಳಿಗೆ ಚಿಟಿಕೆಯಷ್ಟು ಊಟ ಹಾಕಿ. ಒಂದು ಚಿಕ್ಕ ಮೀನು ಒಂದು ದಿನ ಅಲ್ಲಿಗೆ ಹೋದರೂ ಎಣಿಕೆ ಮತ್ತೆ ಒಂದರಿಂದ. ಬಲೆ, ಬಕೆಟ್, ಕೈ ಯಾವುದೂ ಆ ನೀರಿನಿಂದ ಈ ನೀರಿಗೆ ಒದ್ದೆಯಾಗಿ ಹೋಗಬಾರದು. ಗಾಳಿಯ ಗುಳ್ಳೆ ಒಡೆದಾಗ ಹಾರುವ ಸಣ್ಣ ಹನಿಗಳಲ್ಲಿಯೂ ವೆಲ್ವೆಟ್ ಮರಿಗಳು ಮೂರು ಮೀಟರ್ ದೂರದವರೆಗೆ ಹೋಗಬಲ್ಲವೆಂದು ಪ್ರಯೋಗದಲ್ಲಿ ಕಂಡಿದೆ. ಟಬ್ಬುಗಳನ್ನು ಬೇರೆ ಕೋಣೆಯಲ್ಲೇ ಇಡಿ. ಬದಲಿಸಿದ ಉಪ್ಪುನೀರನ್ನು ಹಿಪ್ಪುನೇರಳೆ ತೋಟಕ್ಕೆ ಮಾತ್ರ ಸುರಿಯಬೇಡಿ, ಗಿಡವೂ ಮಣ್ಣೂ ಎರಡೂ ಕೆಡುತ್ತವೆ.

ಟ್ಯಾಂಗ್ ಬದುಕಿದರೆ ಅದನ್ನು ನಿಮ್ಮ ತೊಟ್ಟಿಗೆ ಮರಳಿಸಬೇಡಿ ಎಂಬುದು ನನ್ನ ಬೇಡಿಕೆ. ಈಗ ಅಂಗೈಯಲ್ಲಿ ಹಿಡಿಸುವ ಆ ಮೀನು ಬೆಳೆದರೆ ಒಂದಡಿ ಉದ್ದವಾಗುತ್ತದೆ. 200 ಲೀಟರಿನಲ್ಲಿ ಅದು ಸದಾ ಒತ್ತಡದಲ್ಲಿರುತ್ತದೆ, ಬಿಳಿ ಚುಕ್ಕೆ ಅತಿ ಬೇಗ ಹಿಡಿಯುವ ಮೀನುಗಳಲ್ಲಿ ಅದೂ ಒಂದು. ದೊಡ್ಡ ತೊಟ್ಟಿ ಇರುವವರಿಗೆ, ರೋಗದ ಕತೆಯನ್ನು ಮುಚ್ಚಿಡದೆ ಹೇಳಿ ಕೊಡಿ. ಇನ್ನೊಂದು ಕ್ಲೌನ್ ಬೇಕಾದಾಗ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮರಿಯನ್ನು ಕೇಳಿ ಪಡೆಯಿರಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲೇ ರೂಪಿಸಿದೆ. ಅಂಥ ಮರಿಯಾದರೂ ಅಂಗಡಿಯ ನೀರಿನಲ್ಲಿ ರೋಗ ಹತ್ತಿಸಿಕೊಂಡಿರಬಹುದು. ಆದ್ದರಿಂದ ಇದೇ ಟಬ್ಬಿನಲ್ಲಿ ನಾಲ್ಕರಿಂದ ಆರು ವಾರ ಇಟ್ಟು ನೋಡದೆ ಯಾವ ಮೀನೂ ಒಳಗೆ ಹೋಗಬಾರದು, ಚೀಲದ ನೀರಂತೂ ಎಂದಿಗೂ ಬೇಡ.

ಮಗಳಿಗೆ ಒಂದು ಕೆಲಸ ಕೊಡಿ, ಅದರಿಂದ ನನಗೂ ಸಹಾಯವಾಗುತ್ತದೆ. ದಿನಕ್ಕೆ ಎರಡು ಸಲ, ಅದೇ ಹೊತ್ತಿಗೆ, ದೂರದಿಂದ ನಿಂತು ಕ್ಲೌನ್ ಮೀನಿನ ಕಿವಿರಿನ ಮುಚ್ಚಳ ಒಂದು ನಿಮಿಷದಲ್ಲಿ ಎಷ್ಟು ಸಲ ತೆರೆಯುತ್ತದೆಂದು ಎಣಿಸಿ ಬರೆದಿಡಲಿ, ಪಕ್ಕದಲ್ಲೇ ಡ್ಯಾಮ್ಸೆಲ್‌ನ ಲೆಕ್ಕವನ್ನೂ ಬರೆಯಲಿ. ಮೂರನೇ ಸ್ನಾನದ ಮಾರನೆಯ ದಿನ ಎರಡೂ ಅಂಕಿಗಳು ಹತ್ತಿರ ಬಂದಿದ್ದು, ಅದು ಊಟಕ್ಕೆ ಬಾಯಿ ಹಾಕಿದರೆ ಕ್ಲೌನನ್ನೂ ತಾಮ್ರದ ಟಬ್ಬಿಗೆ ಸೇರಿಸಬಹುದು. ಅದರ 30 ದಿನಗಳನ್ನು ಮಾತ್ರ ಅದು ಸೇರಿದ ದಿನದಿಂದ ಬೇರೆಯಾಗಿ ಎಣಿಸಿ. ಅಂಕಿ ಇಳಿಯದಿದ್ದರೆ ಆ ಹಾಳೆಯ ಚಿತ್ರವನ್ನೂ ಮೀನಿನ ಪಕ್ಕೆಯ ಚಿತ್ರವನ್ನೂ ಅದೇ ದಿನ ನನಗೆ ಕಳುಹಿಸಿ.